ಮಾವ ನೋಡಿದ ಕೊಡಿಯಾಲ

ಮಂಗಳೂರಿಗೆ ಹೆಸರು ಜಾಸ್ತಿ. ತುಳುವರಿಗೆ ಅದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಗಡಿಯಾಚೆಯ ಮಲಯಾಳಿಗಳಿಗೆ ಮಂಗಲಾಪುರಂ. ಇಲ್ಲಿನವರು ಎದುರಿಗಿರುವವರು ಯಾರು ಅಂತ ನೋಡಿಕೊಂಡು ಹೆಸರು ಬದಲಿಸುತ್ತಾರೆ. ಪೇಚಿಗೆ ಸಿಗುವವರು ನಮ್ಮಂಥ ಘಟ್ಟದ ಮೇಲಿನವರು.

ಹಾವೇರಿಯಿಂದ ನಮ್ಮ ಸೋದರಮಾವ ಬಂದಿದ್ದರು. ಉಡುಪಿಯಲ್ಲಿ ಕೃಷ್ಣನ ದರ್ಶನ ಮುಗಿಸಿ ಮಂಗಳೂರಿನ ಬಸ್ ಹತ್ತಿದ್ದಾರೆ. ಕಂಡಕ್ಟರ್ ಬಾಯಲ್ಲಿ ಮಂಗಳೂರು ಅನ್ನೋ ಮಾತೇ ಇಲ್ಲ, ಬರೀ "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್". ಇಲ್ಲಿ ಬಸ್ಸುಗಳ ಕೊನೆಯ ನಿಲ್ದಾಣಕ್ಕೇ ಆ ಹೆಸರು. "ನನಗ ಬ್ಯಾಂಕಿನ್ಯಾಗ ಏನೂ ಕೆಲಸ ಇಲ್ಲಪಾ" ಅಂತ ಮಾವ ಅವನಿಗೆ ಹೇಳಿದರಂತೆ. ಸ್ವಲ್ಪ ಹೊತ್ತಿಗೆ ಗಾಬರಿಯ ಫೋನ್. "ಏ, ಬಸ್ಸು ಬೆಂಗಳೂರಿಗೆ ಬಂದೈತಿ! ಲಾಲ್‌ಬಾಗ್ ಅಂತ ಕೂಗಾಕತ್ಯಾನ!" ಮಂಗಳೂರಿಗೂ ಒಂದು ಲಾಲ್‌ಬಾಗ್ ಇದೆ ಅಂತ ನಂಬಿಸುವಷ್ಟರಲ್ಲಿ ಬಸ್ಸು ಹಂಪನಕಟ್ಟೆ ದಾಟಿತ್ತು.

ಸಂಜೆ ಕೆಳಗಿನ ಮನೆಯ ಅಕ್ಕ ವಿಚಾರಿಸಿದರು, "ಕುಡ್ಲ ಎಂಚ ಉಂಡು?" ಕುಡ್ಲ ಹೇಗಿದೆ ಅಂತ. ಮಾವನ ಕಿವಿಗೆ ಬಿದ್ದಿದ್ದು ಕೊನೆಯದು ಮಾತ್ರ. "ಉಂಡೇನ್ರಿ, ಹೊಟ್ಟಿ ತುಂಬೈತಿ" ಅಂದರು.

ನಾನು ಸುಮ್ನೆ ಇರಬೇಕಿತ್ತು. ಪಾಠ ಶುರು ಮಾಡಿದೆ. ನೇತ್ರಾವತಿಯೂ ಫಲ್ಗುಣಿಯೂ ಕೂಡುವ ಜಾಗ, ಅದಕ್ಕೇ ಕುಡ್ಲ ಅಂತಾರೆ. ಬೋಳಾರದ ಮಂಗಳಾದೇವಿಯಿಂದ ಮಂಗಳೂರು. 2014ರ ನವೆಂಬರ್ 1ರಂದು ಸರ್ಕಾರ 12 ಊರುಗಳ ಇಂಗ್ಲಿಷ್ ಹೆಸರು ತಿದ್ದಿದಾಗ ಮ್ಯಾಂಗಲೋರ್ ಕೂಡ ಮಂಗಳೂರಾಯಿತು. ಹೆಂಚು, ಬಜ್ಜಿ ಎರಡೂ ಹಟ ಹಿಡಿದು ಮ್ಯಾಂಗಲೋರ್ ಆಗಿಯೇ ಉಳಿದಿವೆ. ವಿಮಾನದವರಂತೂ ಬ್ಯಾಗಿಗೆ ಐಎಕ್ಸ್‌ಇ ಅಂತ ಚೀಟಿ ಅಂಟಿಸುತ್ತಾರೆ, ಅದರಲ್ಲಿ ಮಂಗಳೂರಿನ ಒಂದಕ್ಷರವೂ ಇಲ್ಲ! ಮಾವ ತಲೆಯಾಡಿಸುತ್ತಾ ಕೇಳಿದರು. ಅವರ ತಲೆಯಲ್ಲಿ ಇವೆಲ್ಲ ಬೇರೆ ಬೇರೆ ಊರುಗಳಾಗಿ ಕೂತಿದ್ದು ನನಗೆ ಗೊತ್ತಾಗಲಿಲ್ಲ.

ಮರುದಿನ ಮೂಲೆಯಂಗಡಿಯಲ್ಲಿ ಅವರೇ ಕೇಳಿದ್ದಾರೆ, "ಕೊಡಿಯಾಲ ಎಷ್ಟು ದೂರ ಆಗ್ತದ್ರಿ?"

"ಕೊಡಿಯಾಲ್‌ಬೈಲಾ? ಇಲ್ಲೇ ಉಂಟು ಮಾರಾಯ್ರೆ. ರಿಕ್ಷಾದಲ್ಲಿ ಐದು ನಿಮಿಷ."

ಕೊಡಿಯಾಲ್‌ಬೈಲ್ ನಗರದೊಳಗಿನ ಒಂದು ಬಡಾವಣೆ. ಮಾವ ರಿಕ್ಷಾ ಹಿಡಿದು ಹೋಗಿ, ಒಂದು ಸುತ್ತು ಹಾಕಿ, ಊಟದ ಹೊತ್ತಿಗೆ ಗೆದ್ದವರಂತೆ ವಾಪಸ್ ಬಂದರು.

"ಕೊಡಿಯಾಲ ನೋಡಿದೆ. ಊರು ಸಣ್ಣದು. ಆದ್ರ ಜೈಲು ಐತಿ. ನಾಳೆ ಮೈಕಾಲಕ್ಕ ಹೋಗೂಣು, ನೀ ರಜಾ ಹಾಕು."