ಬಟ್ಟೆ ಹಗ್ಗದ ಜೋಲು

ಬಟ್ಟೆ ಒಣಹಾಕುವ ಹಗ್ಗವನ್ನು ಪೂರ್ತಿ ನೇರವಾಗಿ ಕಟ್ಟಲು ಯಾರಿಂದಲೂ ಆಗುವುದಿಲ್ಲ. ಭೀಮಸೇನ ಬಂದು ಎಳೆದರೂ ಆಗುವುದಿಲ್ಲ. ಆದರೂ ನಮ್ಮ ಭಾವ ಪ್ರಯತ್ನ ಬಿಟ್ಟಿಲ್ಲ. ರಜೆಗೆ ಬಂದಾಗಲೆಲ್ಲ ತಾರಸಿಗೆ ಹೋಗಿ, ಗೋಡೆಗೆ ಒಂದು ಕಾಲು ಕೊಟ್ಟು, ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಜಗ್ಗುತ್ತಾರೆ. ಗಂಟು ಹಾಕಿ ಬೆರಳಿಂದ ಒಮ್ಮೆ ಮೀಟಿ ನೋಡುತ್ತಾರೆ. ಅಷ್ಟರಲ್ಲಿ ಅಕ್ಕ ಒದ್ದೆ ಬೆಡ್‌ಶೀಟ್ ತಂದು ನಟ್ಟನಡುವೆ ಹಾಕುತ್ತಾಳೆ. ಹಗ್ಗ ಜೋತುಬೀಳುತ್ತದೆ. ಭಾವನ ಮುಖವೂ.

ಹಗ್ಗಕ್ಕೆ ಗೊತ್ತಿರುವುದು ಒಂದೇ ವಿದ್ಯೆ, ತಾನು ಚಾಚಿರುವ ದಿಕ್ಕಿಗೆ ಎಳೆಯುವುದು. ಬೆಡ್‌ಶೀಟ್ ಕೆಳಕ್ಕೆ ಜಗ್ಗುವಾಗ ಯಾರಾದರೂ ಮೇಲಕ್ಕೆ ಎಳೆಯಬೇಕಲ್ವಾ? ಹಗ್ಗ ಕೊಂಚ ಓರೆಯಾಗಿದ್ದರೆ ಅದರ ಎಳೆತದಲ್ಲಿ ಒಂದು ಪಾಲು ಮೇಲಕ್ಕೆ ಹೋಗುತ್ತದೆ, ಬಟ್ಟೆಯನ್ನು ಹಿಡಿದಿಡುತ್ತದೆ. ಓರೆ ಕಮ್ಮಿಯಾದಷ್ಟೂ ಆ ಪಾಲು ಕಮ್ಮಿ. ಪೂರ್ತಿ ಅಡ್ಡಕ್ಕಿದ್ದರೆ ಪಾಲು ಸೊನ್ನೆ. ಆಮೇಲೆ ಎಷ್ಟು ಎಳೆದರೂ ಒಂದು ಕರ್ಚೀಫನ್ನೂ ಹೊರಲಾರದು.

ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಗೋಡೆಯಿಂದ ಗೋಡೆಗೆ 4 ಮೀಟರ್, ನಡುವೆ 2 ಕಿಲೋ ತೂಗುವ ಒದ್ದೆ ಬೆಡ್‌ಶೀಟ್ ಅಂತ ಇಟ್ಟುಕೊಳ್ಳಿ. ಹಗ್ಗ 40 ಸೆಂಟಿಮೀಟರ್ ಜೋತರೆ ಮೊಳೆಯ ಮೇಲೆ ಬೀಳುವ ಎಳೆತ ಸುಮಾರು 5 ಕಿಲೋ ಭಾರದಷ್ಟು. 10 ಸೆಂಟಿಮೀಟರಿಗೆ ಇಳಿಸಿದರೆ 20 ಕಿಲೋ. ಹಟ ಹಿಡಿದು 1 ಸೆಂಟಿಮೀಟರಿಗೆ ತಂದಿರೋ, 200 ಕಿಲೋ! ಅದೇ ಬೆಡ್‌ಶೀಟಿಗೆ, ಅದೇ ಮೊಳೆಗೆ. ಸಿಮೆಂಟಿನ ಸಮೇತ ಮೊಳೆ ಕಿತ್ತು ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಎಷ್ಟೇ ಎಳೆದರೂ ಹಗ್ಗ ಪೂರ್ತಿ ನೇರವಾಗದು ಅಂತ ಗೆಲಿಲಿಯೋ 1638ರಲ್ಲೇ ಬರೆದಿಟ್ಟ. ಬೆಡ್‌ಶೀಟೂ ಬೇಡ, ಹಗ್ಗದ ಸ್ವಂತ ತೂಕವೇ ಸಾಕು. ಭಾವನಿಗೆ ಹೇಳಿದೆ. "ಅವನ ಕಾಲದಲ್ಲಿ ನೈಲಾನ್ ಹಗ್ಗ ಇರಲಿಲ್ಲ" ಅಂದರು.

ಅಜ್ಜಿಯ ಹಿತ್ತಲಿನಲ್ಲಿ ಈ ತಕರಾರೇ ಇರಲಿಲ್ಲ. ಹಗ್ಗ ಸಡಿಲವಾಗಿಯೇ ಕಟ್ಟಿರುತ್ತಿತ್ತು. ಬಟ್ಟೆಯೆಲ್ಲ ಹರವಿ ಆದಮೇಲೆ ಒಂದು ಕವೆಗೋಲು ತಂದು ನಡುವೆ ಆನಿಸುತ್ತಿದ್ದಳು. ಸೀರೆಯ ಅಂಚು ಮಣ್ಣಿನಿಂದ ಮೇಲೇಳುತ್ತಿತ್ತು, ಭಾರ ಕೋಲಿನ ಮೂಲಕ ನೆಲಕ್ಕೆ ಹೋಗುತ್ತಿತ್ತು. ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಉಪಾಯ ಈವರೆಗೆ ಬಂದಿಲ್ಲ.

ಸಡಿಲ ಹಗ್ಗದಲ್ಲಿ ಇನ್ನೊಂದು ಮಜಾ ಇದೆ. ಮಳೆ ನಿಂತ ಮೇಲೆ ಹನಿಗಳು ಸಾಲಾಗಿ ನೇತಾಡುತ್ತಿರುತ್ತವೆ. ಒಂದು ತುದಿಯ ಹತ್ತಿರ ಮೇಲಿನಿಂದ ಪಟ್ಟನೆ ಹೊಡೆಯಿರಿ. ಒಂದು ತಗ್ಗು ಹೊರಡುತ್ತದೆ. ದಾರಿಯುದ್ದಕ್ಕೂ ಹನಿ ಉದುರಿಸುತ್ತಾ ಆಚೆ ಮೊಳೆಗೆ ಬಡಿದು, ತಲೆಕೆಳಗಾಗಿ, ಉಬ್ಬಾಗಿ ವಾಪಸ್ ಬರುತ್ತದೆ. ಭಾವ ಕಟ್ಟಿದ ಹಗ್ಗದಲ್ಲಿ ಇದು ಕಣ್ಣಿಗೆ ಸಿಗುವುದಿಲ್ಲ. ಬಿಗಿ ಹೆಚ್ಚಿದಷ್ಟೂ ಅಲೆಗೆ ಓಟ ಜಾಸ್ತಿ, ನಾಲ್ಕು ಪಟ್ಟು ಬಿಗಿದರೆ ಎರಡು ಪಟ್ಟು ವೇಗ. ವೀಣೆಯ ತಂತಿಯಲ್ಲಿ ಹೋಗಿ ಬರುವುದೂ ಇದೇ ಅಲೆ. ಒಂದು ಸೆಕೆಂಡಿನಲ್ಲಿ ಅದೆಷ್ಟು ಸಲ ಹೋಗಿ ಬಂತು ಅನ್ನುವುದೇ ಶ್ರುತಿ. ಅದಕ್ಕೇ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಸ್ವರ ಬದಲಾಗುತ್ತದೆ.

ಕಂಬದಿಂದ ಕಂಬಕ್ಕೆ ಕರೆಂಟಿನ ತಂತಿ ಎಳೆಯುವವರು ಬೇಕಂತಲೇ ಜೋಲು ಬಿಡುತ್ತಾರೆ. ಬಿಸಿಲಿಗೆ ತಂತಿ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಬಿಗಿಯಾಗಿ ಕಟ್ಟಿಬಿಟ್ಟರೆ ಚಳಿಗಾಲಕ್ಕೆ ಕಂಬಗಳ ಗತಿ ಏನು?

ಈ ಸಲ ಭಾವ ಸ್ಟೀಲ್ ತಂತಿ ತರುತ್ತಾರಂತೆ. ಅಂಗಡಿಯವರು ಜೋಲುವುದೇ ಇಲ್ಲ ಅಂದರಂತೆ. ನೈಲಾನಾದರೆ ಭಾರ ಬಿದ್ದಾಗ ತಾನೇ ಹಿಗ್ಗಿ, ಜೋತು, ಮೊಳೆಯನ್ನು ಉಳಿಸುತ್ತದೆ. ಸ್ಟೀಲಿಗೆ ಆ ದಾಕ್ಷಿಣ್ಯ ಇಲ್ಲ. ಮೊಳೆ ಹೊಡೆದಿರುವ ಗೋಡೆ ಪಕ್ಕದ ಮನೆಯವರದು. ಅವರಿಗೆ ಇನ್ನೂ ಹೇಳಿಲ್ಲ.