ಸುಂದರಿ ಬಂದಳು, ಓಡಿ!

ಈಜಿಪ್ಟಿನ ಮಿನ್ಯಾ ಪ್ರಾಂತ್ಯದಲ್ಲಿ ಸಮಾಲುಟ್ ಅಂತ ಒಂದು ಊರಿದೆ. 2015ರಲ್ಲಿ ಆ ಊರ ಬಾಗಿಲಲ್ಲಿ ಪುರಾತನ ಈಜಿಪ್ಟಿನ ರಾಣಿ ನೆಫರ್ಟಿಟಿಯ ಪ್ರತಿಮೆ ನಿಲ್ಲಿಸಿದರು. ನೆಫರ್ಟಿಟಿ ಅಂದರೆ ‘ಸುಂದರಿ ಬಂದಳು’ ಎಂದರ್ಥ. ಬಂದವಳನ್ನು ನೋಡಿ ಜನ ಗಾಬರಿಯಾದರು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅಂತೀವಲ್ಲ, ಇದು ಅದಕ್ಕಿಂತ ಕಷ್ಟದ ಕೇಸು. ಅವರಪ್ಪನಾದರೂ ನೋಡಲು ಲಕ್ಷಣವಾಗಿದ್ದಾನೆ. ಇವಳನ್ನು ಜನ ಫ್ರಾಂಕೆನ್‌ಸ್ಟೈನನ ಭೂತಕ್ಕೆ ಹೋಲಿಸಿದರು. ತಲೆ ಮೇಲೆ ಆ ಎತ್ತರದ ಕಿರೀಟ ಇಲ್ಲದಿದ್ದರೆ ರಾಣಿ ಅಂತ ಗುರುತು ಹಿಡಿಯಲು ಪಂಚನಾಮೆಯೇ ಬೇಕಿತ್ತು.

ರಾಣಿಯ ಜಗತ್ಪ್ರಸಿದ್ಧ ಅಸಲಿ ಮೂರ್ತಿ ಸಿಕ್ಕಿದ್ದೂ ಇದೇ ಮಿನ್ಯಾದಲ್ಲಿ. 1912ರ ಡಿಸೆಂಬರ್ 6ರಂದು ಅಮರ್ನಾದಲ್ಲಿ, ಶಿಲ್ಪಿ ಥುಟ್ಮೋಸನ ಹಾಳುಬಿದ್ದ ಕಾರ್ಯಾಗಾರದಲ್ಲಿ. ಅಗೆಸಿದವರು ಜರ್ಮನಿಯ ಬೋರ್ಖಾರ್ಟ್. ‘ವರ್ಣಿಸಿ ಪ್ರಯೋಜನವಿಲ್ಲ, ನೋಡಲೇಬೇಕು’ ಅಂತ ಆತ ಬರೆದಿಟ್ಟ. ಆಮೇಲೆ ಮೂರ್ತಿ ಜರ್ಮನಿಗೆ ಹೋಯಿತು, ಅಲ್ಲೇ ಉಳಿಯಿತು. ಬೋರ್ಖಾರ್ಟನ ಮಾತು ಸಮಾಲುಟ್‌ಗೂ ಸರಿಯಾಗಿ ಒಪ್ಪುತ್ತದೆ. ಅದನ್ನೂ ವರ್ಣಿಸಿ ಪ್ರಯೋಜನವಿಲ್ಲ!

ಪಾಪ, ಸಮಾಲುಟ್‌ನವರನ್ನೇ ಯಾಕೆ ಬೈಯಬೇಕು? ಅವರ ಮನೆಮಗಳನ್ನು ಕಣ್ಣಾರೆ ನೋಡಬೇಕೆಂದರೆ ವೀಸಾ ಮಾಡಿಸಿ ಬರ್ಲಿನ್‌ನ ಮ್ಯೂಸಿಯಂಗೆ ಹೋಗಬೇಕು. ಅಲ್ಲಿ ನೋಡಬಹುದು, ಫೋಟೋ ತೆಗೆಯುವಂತಿಲ್ಲ. ಕಾಪಿ ಬೇಕಾದರೆ ದುಡ್ಡು ಕೊಟ್ಟು ತಗೊಳ್ಳಿ.

ಮ್ಯೂಸಿಯಂನವರು ಮೂರ್ತಿಯನ್ನು ಸ್ಕ್ಯಾನ್ ಮಾಡಿ ಚೆಂದದ ತ್ರೀಡಿ ಫೈಲ್ ಇಟ್ಟುಕೊಂಡಿದ್ದರು. ಕಾಸ್ಮೊ ವೆನ್‌ಮನ್ ಎಂಬ ಅಮೆರಿಕದ ಕಲಾವಿದ ಅದನ್ನು ಕೇಳಿದ. ಕೊಟ್ಟರೆ ನಮ್ಮ ವ್ಯಾಪಾರಕ್ಕೆ ಪೆಟ್ಟು ಅಂದರು. ಮಾಹಿತಿ ಹಕ್ಕಿನ ಕಾನೂನು ಹಿಡಿದು ಆತ ವರ್ಷಗಟ್ಟಲೆ ಜಗ್ಗಾಡಿದ. ಕೊನೆಗೆ 2019ರಲ್ಲಿ ಫೈಲು ಹೊರಗೆ ಬಂತು. ತೆರೆದು ರಾಣಿಯನ್ನು ತಲೆಕೆಳಗು ಮಾಡಿ ನೋಡಿದರೆ, ಬುಡದಲ್ಲಿ ಲೈಸೆನ್ಸ್ ಕೆತ್ತಿದ್ದಾರೆ! ಹೆಸರು ಹಾಕಿ ಬಳಸಬೇಕು, ವ್ಯಾಪಾರಕ್ಕೆ ಬಳಸಬಾರದು ಇತ್ಯಾದಿ. ಥುಟ್ಮೋಸ್ ಸತ್ತು ಮೂರು ಸಾವಿರ ವರ್ಷ ದಾಟಿದೆ. ಅವನು ಎಲ್ಲೂ ತನ್ನ ಹಕ್ಕು ಕೆತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ ಅಲ್ವಾ? ಎಡಗಣ್ಣಿನ ಪಾಪೆಯೇ ಇಲ್ಲದ ರಾಣಿ ಒಂದೇ ಕಣ್ಣಲ್ಲಿ ಎಲ್ಲವನ್ನೂ ನೋಡುತ್ತಾ ಕೂತಿದ್ದಾಳೆ.

ಆ ಫೈಲು ನಾಲ್ಕು ವರ್ಷ ಮೊದಲೇ ಸಮಾಲುಟ್‌ಗೆ ಸಿಕ್ಕಿದ್ದರೆ ಮುಖವಾದರೂ ಸರಿ ಬರುತ್ತಿತ್ತೋ ಏನೋ. ಆಗ ಊರ ಬಾಗಿಲಲ್ಲಿ ಸುಂದರಿಯ ಜೊತೆ ಲೈಸೆನ್ಸೂ ನಿಲ್ಲುತ್ತಿತ್ತು.

ಗಲಾಟೆ ಜಾಸ್ತಿಯಾದ ಮೇಲೆ ಪ್ರತಿಮೆಯನ್ನು ತೆಗೆದರು. ಆ ಜಾಗದಲ್ಲಿ ಶಾಂತಿಯ ಪಾರಿವಾಳ ಇಡುತ್ತೇವೆ ಅಂದರು. ಜಾಣರು. ಕೊಕ್ಕು ಸ್ವಲ್ಪ ಸೊಟ್ಟಗಾದರೂ ಇದು ನಮ್ಮ ಪಾರಿವಾಳ ಅಲ್ಲ ಅಂತ ಯಾರೂ ಜಗಳಕ್ಕೆ ಬರುವುದಿಲ್ಲ.