ಜಾಸ್ತಿ ಕರೆಂಟ್ ಕೊಟ್ಟರೆ ಬೇಗ ವಾಸಿಯಾಗಲ್ವಾ?

ಕ್ಯಾನ್ಸರ್ ಗಡ್ಡೆಗೆ ಕಿರಣ ಬಿಡುವ ಚಿಕಿತ್ಸೆಗೆ ನಮ್ಮ ಕೋಲಾರದ ಕಡೆ ರೇಡಿಯೇಷನ್ ಅಂತ ಹೇಳುವವರು ಕಡಿಮೆ. 'ಕರೆಂಟ್ ಕೊಡಿಸ್ತಿದ್ದಾರೆ' ಅಂದರೆ ಸಾಕು, ಕೇಳಿದವರ ದನಿ ತಗ್ಗುತ್ತದೆ.

ನಮ್ಮ ದೊಡ್ಡಪ್ಪನಿಗೂ ಕೊಡಿಸಿದೆವು. ಶ್ವಾಸಕೋಶದ ಕ್ಯಾನ್ಸರ್, ಮೂರನೇ ಹಂತ. ಅದಕ್ಕೂ ಮುಂಚೆ ನಾಲ್ಕು ತಿಂಗಳು ಟಿಬಿ ಮಾತ್ರೆ ನುಂಗಿಸಿದ್ದರು. ಕಫದಲ್ಲಿ ಟಿಬಿ ಸಿಕ್ಕಿರಲಿಲ್ಲ, ಎಕ್ಸ್‌ರೇಯಲ್ಲಿ ಕಲೆ ಇತ್ತು, ಅಷ್ಟೇ. ಆ ಸಿಟ್ಟು ಇನ್ನೂ ಇದೆ. ಇನ್ನೊಂದು ದಿನ ಬರೆಯುತ್ತೇನೆ.

ದಿನಕ್ಕೆ 2 ಗ್ರೇ (ಮೈಗೆ ಇಳಿಯುವ ಕಿರಣದ ಅಳತೆ ಅದು), ವಾರಕ್ಕೆ 5 ದಿನ, 6 ವಾರ. ಒಟ್ಟು 60 ಗ್ರೇ. ಜೊತೆಗೆ ಕೀಮೋ. ಬೆಂಗಳೂರಿಗೆ ಹೋಗಿ ಟೇಬಲ್ ಮೇಲೆ ಸ್ವಲ್ಪ ಹೊತ್ತು ಮಲಗಿ ಬರುವುದಕ್ಕೆ ಇಡೀ ದಿನ ಬೇಕಿತ್ತು. ಬೇಸತ್ತ ಚಿಕ್ಕಪ್ಪ ಒಂದು ದಿನ ಡಾಕ್ಟರನ್ನೇ ಕೇಳಿಬಿಟ್ಟರು: "ಇನ್ನಷ್ಟು ಜಾಸ್ತಿ ಕೊಡಿ ಸಾರ್, ದುಡ್ಡು ಎಷ್ಟಾದ್ರೂ ಆಗ್ಲಿ."

"ಜಾಸ್ತಿ ಕೊಟ್ಟೂ ನೋಡಿದ್ದಾರೆ ಯಜಮಾನ್ರೇ. ಜಾಸ್ತಿ ತಗೊಂಡವ್ರೇ ಬೇಗ ತೀರಿಹೋದ್ರು," ಅಂದರು ಡಾಕ್ಟರು.

ಬಸ್ಸಲ್ಲಿ ದೊಡ್ಡಪ್ಪ ತಮ್ಮನಿಗೆ ಹೇಳಿದ್ದು ಒಂದೇ ಮಾತು: "ಟೊಮೆಟೊಗೆ ಔಷಧಿ ಜಾಸ್ತಿ ಹೊಡೆದು ಎಲೆ ಸುಟ್ಟುಕೊಂಡಿಲ್ವೇನೋ ನೀನು?"

ಡಾಕ್ಟರ ಮಾತು ತಲೆಯಲ್ಲೇ ಉಳಿದಿತ್ತು. ರಾತ್ರಿ ಹುಡುಕಿದೆ. ಅಮೆರಿಕದ ಜೆಫ್ರಿ ಬ್ರಾಡ್ಲಿ ಅನ್ನುವ ರೇಡಿಯೇಷನ್ ಡಾಕ್ಟರು. 74 ಗ್ರೇ ಕೊಟ್ಟರೂ ರೋಗಿ ತಡೆದುಕೊಳ್ಳಬಲ್ಲ ಅಂತ ಮೊದಲು ತೋರಿಸಿದ್ದು ಅವರದೇ ತಂಡ. ಹಾಗಾದರೆ 60ಕ್ಕಿಂತ ಅದೇ ಮೇಲು ಅಂತ ಸುಮ್ನೆ ಸಾರಿಬಿಡಬಹುದಿತ್ತು, ಅಲ್ವಾ? ಸಾರಲಿಲ್ಲ. 2007ರಿಂದ 500ಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ಎರಡೂ ಡೋಸನ್ನು ಪರೀಕ್ಷೆಗೆ ಹಚ್ಚಿದರು. 2011ರಲ್ಲಿ 74ರ ಗುಂಪನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. 2015ರಲ್ಲಿ ಲೆಕ್ಕ ಅಚ್ಚಾಯಿತು. 60 ಪಡೆದವರಲ್ಲಿ ಅರ್ಧದಷ್ಟು ಜನ 28.7 ತಿಂಗಳು ದಾಟಿದ್ದರು. 74ರವರಲ್ಲಿ ಅದು 20.3 ತಿಂಗಳು. ಅನ್ನನಾಳ ಬೇಯುವುದೂ ಅವರಲ್ಲೇ ಜಾಸ್ತಿ. ಹೃದಯಕ್ಕೆ ಹೆಚ್ಚು ಕಿರಣ ಬಿದ್ದವರ ಆಯಸ್ಸೂ ಕಡಿಮೆಯಾಗಿತ್ತು.

ಹೊಸ ಔಷಧಿ ಕಂಡುಹಿಡಿದವರಿಗೆ ನಾವು ಹಾರ ಹಾಕುತ್ತೇವೆ. ತಾನೇ ಮುಂದೆ ತಂದ ಡೋಸು ಸೋತಿತು ಅಂತ ತನ್ನ ಹೆಸರು ಹಾಕಿ ಬರೆದವರಿಗೆ ಯಾರು ಹಾಕುತ್ತಾರೆ? ನನ್ನ ಕೇಳಿದರೆ ಅದೇ ದೊಡ್ಡ ಕೆಲಸ. ನಮ್ಮ ಡಾಕ್ಟರು ಚಿಕ್ಕಪ್ಪನಿಗೆ ಧೈರ್ಯವಾಗಿ ಆಗಲ್ಲ ಅಂದಿದ್ದು ಆ ಸೋಲಿನ ಬಲದಿಂದ. ಆಮೇಲೆ ಈ ಹಂತದವರ ಆಯಸ್ಸು ಹೆಚ್ಚಿಸಿದ್ದು ಕರೆಂಟ್ ಅಲ್ಲ, 2017ರಲ್ಲಿ ಪರೀಕ್ಷೆ ಗೆದ್ದ ಡರ್ವಾಲುಮ್ಯಾಬ್ ಇಂಜೆಕ್ಷನ್, ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧಿ. ಅದರ ರೇಟು ಕೇಳಿ ನಾವು ಸುಮ್ಮನಾದೆವು, ಆ ಮಾತು ಬೇರೆ.

ನಾಲ್ಕನೇ ವಾರಕ್ಕೆ ದೊಡ್ಡಪ್ಪನಿಗೆ ಮುದ್ದೆ ಇಳಿಯದಾಯಿತು. ಹುಟ್ಟಿದಾಗಿಂದ ಮುದ್ದೆ ನುಂಗಿದ ಗಂಟಲು! ದೊಡ್ಡಮ್ಮ ರಾಗಿ ಅಂಬಲಿ ಆರಿಸಿ ಕೊಡುತ್ತಿದ್ದರು. 60ಕ್ಕೇ ಹೀಗಾದರೆ 74ಕ್ಕೆ ಅಂಬಲಿಯೂ ಇಳಿಯುತ್ತಿತ್ತೋ ಇಲ್ಲವೋ.

ಮೂವತ್ತನೇ ದಿನ ಕರೆಂಟ್ ಮುಗಿಸಿ ವಾಪಸ್ ಬರುವಾಗ ಅವರು ಮನೆಗೆ ಹೋಗೋಣ ಅನ್ನಲಿಲ್ಲ. "ಮಂಡಿ ಹತ್ರ ಇಳಿಸ್ರೋ, ಇವತ್ತು ಬಾಕ್ಸ್ ಎಷ್ಟಕ್ಕೆ ಹೋಯ್ತೋ ಕೇಳ್ಕೊಂಡು ಬರೋಣ," ಅಂದರು.